ಕಪ್ಪು-ಬಿಳುಪಿನ ಹೂದೋಟಗಳ ಬೆನ್ನು ಹತ್ತಿ

ಭಾನುವಾರ: ಕ್ಯಾರಿಯಿಂದ ವಾಷಿಂಗ್ಟನ್‌ಗೆ

ಮಾರ್ಚ್ ಕೊನೆ ವಾರ ಬಂತೆಂದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಎಲ್ಲರೂ ಅಜೇಲಿಯ ಹೂ ನೋಡಲು ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್ ಕಡೆ ಗಾಡಿ ತಿರುಗಿಸುತ್ತಾರೆ. ನಾವು ಉಲ್ಟಾ ಉತ್ತರಕ್ಕೆ ಹೊರಟೆವು. ನಾರ್ತ್ ಕೆರೊಲಿನಾದ ಕ್ಯಾರಿಯಿಂದ ವಾಷಿಂಗ್ಟನ್‌ಗೆ ನಾಲ್ಕೂವರೆ ಗಂಟೆ ದಾರಿ. ಕಾರಣ ಇಷ್ಟೇ: ದಕ್ಷಿಣದ ಹಳೇ ತೋಟಗಳ ಒಳ್ಳೊಳ್ಳೆ ಫೋಟೊಗಳೆಲ್ಲ ಇರುವುದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಮೊದಲು ಫೋಟೊ ನೋಡಿ, ಆಮೇಲೆ ಕೆಳಗಿಳಿಯುತ್ತಾ ಆ ಜಾಗಗಳನ್ನು ನೋಡೋಣ ಅನ್ನುವುದು ನನ್ನ ಲೆಕ್ಕ.

ಜೊತೆಗೆ ಅಕ್ಕ. ತೀರ್ಥಹಳ್ಳಿಯಿಂದ ಬಂದು ನಮ್ಮನೆಯಲ್ಲಿದ್ದಾಳೆ. ಮೇಷ್ಟ್ರಾಗಿ ರಿಟೈರ್ ಆದವಳು. ಮನೆ ಮುಂದೆ ಡೇಲಿಯ, ಸೇವಂತಿಗೆ, ಹಿತ್ತಲಲ್ಲಿ ಮೂರು ಬಗೆಯ ಮಲ್ಲಿಗೆ. ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲು ಗಿಡ ನೋಡಿ ಬಂದಿರುತ್ತಾಳೆ. ನನಗೆ ಫೋಟೊ ಹುಚ್ಚು, ಅವಳಿಗೆ ಗಿಡದ ಹುಚ್ಚು. ಇಂಥ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ.

ರಸ್ತೆ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಐ-95. ಲಾರಿಗಳು. ಬುತ್ತಿಯಲ್ಲಿ ಚಪಾತಿ, ಮಾವಿನಮಿಡಿ ಉಪ್ಪಿನಕಾಯಿ.

ಸೋಮವಾರ: ವಾಷಿಂಗ್ಟನ್

ಲೈಬ್ರರಿಯ ಮ್ಯಾಡಿಸನ್ ಕಟ್ಟಡದಲ್ಲಿ ಫೋಟೊ ವಿಭಾಗದ ಓದುವ ಕೋಣೆ ಇದೆ. ಓದುಗರ ಕಾರ್ಡ್ ಪುಕ್ಕಟೆ. ಬ್ಯಾಗು, ಕೋಟು, ಪೆನ್ನು ಹೊರಗೆ ಬಿಟ್ಟು ಹೋಗಬೇಕು. ನಾವು ನೋಡಲು ಹೋಗಿದ್ದು ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್ ಎಂಬಾಕೆಯ ಚಿತ್ರಗಳನ್ನು.

ಈಕೆ ಹುಟ್ಟಿದ್ದು 1864ರಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ. ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತು ಬಂದು ವಾಷಿಂಗ್ಟನ್‌ನಲ್ಲಿ ಸ್ಟುಡಿಯೊ ತೆರೆದಳು. ಕೈಗೆ ಮೊದಲ ಕ್ಯಾಮೆರಾ ಬಂದಿದ್ದು ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್‌ನಿಂದಲೇ. ಶ್ವೇತಭವನ, ಅಧ್ಯಕ್ಷರು, ಅವರ ಮಕ್ಕಳು, ಎಲ್ಲರೂ ಅವಳ ಕ್ಯಾಮೆರಾ ಮುಂದೆ ನಿಂತವರೇ. 1896ರ ಸುಮಾರಿಗೆ ತೆಗೆದುಕೊಂಡ ಸ್ವಂತ ಚಿತ್ರ ಒಂದಿದೆ. ಲಂಗ ಮೊಣಕಾಲಿನ ತನಕ ಮೇಲೆ, ಒಂದು ಕೈಯಲ್ಲಿ ಸಿಗರೇಟು, ಇನ್ನೊಂದರಲ್ಲಿ ಬಿಯರ್ ಮಗ್ಗು. ಅಕ್ಕ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಓದುವ ಕೋಣೆಯಲ್ಲಿ ಜೋರಾಗಿ ನಗುವಂತಿಲ್ಲವಲ್ಲ.

ತೋಟಗಳ ಕಡೆ ಬಂದಿದ್ದು ಐವತ್ತರ ಹತ್ತಿರ. 1915ರಿಂದ ಊರೂರು ಸುತ್ತಿ ಭಾಷಣ ಮಾಡುತ್ತಿದ್ದಳು. ಕೇಳುವವರು ಹೆಚ್ಚಾಗಿ ಗಾರ್ಡನ್ ಕ್ಲಬ್ಬಿನ ಶ್ರೀಮಂತ ಹೆಂಗಸರು. ಭಾಷಣಕ್ಕೆ ಬೇಕಾದ ಚಿತ್ರಗಳು ಗಾಜಿನ ಮೇಲೆ: ಮೂರೂಕಾಲು ಇಂಚು ಎತ್ತರ, ನಾಲ್ಕು ಇಂಚು ಅಗಲದ ಸ್ಲೈಡು. ಫೋಟೊ ಕಪ್ಪು-ಬಿಳುಪು. ಅದಕ್ಕೆ ಸಣ್ಣ ಬ್ರಷ್ಷಿನಿಂದ ಕೈಯಲ್ಲೇ ಬಣ್ಣ. ಕತ್ತಲೆ ಕೋಣೆಯಲ್ಲಿ ಲಾಟೀನು ಯಂತ್ರಕ್ಕೆ, ಅಂದರೆ ಹಳೇ ಕಾಲದ ಪ್ರೊಜೆಕ್ಟರಿಗೆ ಹಾಕಿ ಗೋಡೆ ಮೇಲೆ ಬಿಟ್ಟರೆ ಇಡೀ ತೋಟ ಬಣ್ಣದಲ್ಲಿ ಎದ್ದು ನಿಲ್ಲುತ್ತಿತ್ತು. ಅಂಥ ಸಾವಿರಕ್ಕೂ ಜಾಸ್ತಿ ಸ್ಲೈಡುಗಳು ಇಲ್ಲಿವೆ. ಎಲ್ಲ ಸ್ಕ್ಯಾನ್ ಆಗಿವೆ. ಹಾಗಾಗಿ ನೋಡಿದ್ದೆಲ್ಲ ಕಂಪ್ಯೂಟರ್ ಪರದೆ ಮೇಲೆ. ಗಾಜು ಮುಟ್ಟುವ ಆಸೆ ಇತ್ತು, ಇರಲಿ.

ಪರದೆಯಲ್ಲಿ ಒಂದು ಲಾಭ ಇದೆ. ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು. ಒಂದು ಹೂವಿನ ಪಾತಿಯನ್ನು ಹಿಗ್ಗಿಸುತ್ತಾ ಹೋದೆವು. ದೂರದಿಂದ ನೂರು ಬಗೆಯ ಗುಲಾಬಿ ಬಣ್ಣ ಕಂಡಿತ್ತು. ಹತ್ತಿರ ಹೋದರೆ ಬಣ್ಣ ಇರುವುದು ಮೂರೋ ನಾಲ್ಕೋ. ಒಂದು ಕಡೆ ಗುಲಾಬಿ ಬಣ್ಣ ಎಸಳಿನ ಅಂಚು ದಾಟಿ ಎಲೆಯ ಮೇಲೆ ಹರಿದಿದೆ. ಮತ್ತೊಂದು ಕಡೆ ಕಲ್ಲಿನ ಮೆಟ್ಟಿಲ ಅಂಚಿಗೆ ಒಂದು ಹನಿ ಹಸಿರು ಬಿದ್ದು ಹಾಗೇ ಒಣಗಿದೆ. ತೋಟ ಬೆಳೆಸಿದವರು ಒಬ್ಬರು, ಫೋಟೊ ಹಿಡಿದವಳು ಒಬ್ಬಳು, ಬಣ್ಣ ಹಚ್ಚಿದ ಹೆಂಗಸು ಇನ್ನೊಬ್ಬಳು. ಈ ಮೂರನೆಯವಳು ಆ ತೋಟವನ್ನು ಕಣ್ಣಲ್ಲಿ ನೋಡಿದ್ದಳೋ ಇಲ್ಲವೋ ಯಾರಿಗೆ ಗೊತ್ತು! ಕ್ಲಬ್ಬಿನ ಹೆಂಗಸರು ಮನೆಗೆ ಹೋಗಿ ಆ ಬಣ್ಣವನ್ನೇ ತಮ್ಮ ತೋಟದಲ್ಲೂ ಬೇಕು ಅಂದಿರುತ್ತಾರೆ, ಅಲ್ವಾ.

ಅಕ್ಕ ಒಂದರ ಮೇಲೊಂದು ಚಿತ್ರ ನೋಡುತ್ತಾ ಮಧ್ಯಾಹ್ನದ ಹೊತ್ತಿಗೆ ಕೇಳಿದಳು: "ಅಲ್ಲ ಕಣೇ, ಇಷ್ಟೊಂದು ತೋಟ, ಒಂದು ಹುಲ್ಲುಕಡ್ಡಿ ಹೆಚ್ಚಿಗೆ ಇಲ್ಲ. ಒಬ್ಬ ಆಳೂ ಕಾಣ್ತಿಲ್ಲ. ಕಳೆ ಕೀಳೋರು ಯಾರೇ?"

ಹೌದಲ್ಲ. ಬೆಂಚು ಖಾಲಿ. ದಾರಿ ಖಾಲಿ. ನೀರಿನ ಕೊಳವೆ, ಗುದ್ದಲಿ, ಬುಟ್ಟಿ ಯಾವುದೂ ಇಲ್ಲ. ಕ್ಯಾಮೆರಾ ಇಡುವ ಮೊದಲು ಎಲ್ಲರನ್ನೂ ಆಚೆ ಕಳಿಸಿದ ಹಾಗಿದೆ. ಮಜಾ ಏನೆಂದರೆ ಜನರನ್ನು ಹಿಡಿಯಲು ಬಾರದವಳಲ್ಲ ಈಕೆ. ಕಪ್ಪು ಜನಾಂಗದ ಮಕ್ಕಳು ಓದುತ್ತಿದ್ದ ವರ್ಜೀನಿಯಾದ ಹ್ಯಾಂಪ್ಟನ್ ವಿದ್ಯಾಸಂಸ್ಥೆಯಲ್ಲಿ ಇವಳು ತೆಗೆದ ಚಿತ್ರಗಳು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಹೆಸರು ಮಾಡಿದ್ದವು. ತೋಟದ ವಿಷಯ ಬಂದಾಗ ಮಾತ್ರ ಜನ ಮಾಯ.

ಅಕ್ಕನ ಆ ಪ್ರಶ್ನೆ ಇಡೀ ಪ್ರವಾಸ ನಮ್ಮ ಜೊತೆಗೇ ಬಂತು.

ಮಂಗಳವಾರ: ಫ್ರೆಡೆರಿಕ್ಸ್‌ಬರ್ಗ್

ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ಸುಮಾರು 85 ಕಿಲೋಮೀಟರ್. ರಾಪಹನಾಕ್ ನದಿಯ ಈ ಕಡೆ ದಿಬ್ಬದ ಮೇಲೆ ಚಾಟಮ್ ಅನ್ನುವ ಇಟ್ಟಿಗೆ ಬಂಗಲೆ. ಆ ಕಡೆ ಊರು, ಚರ್ಚಿನ ಗೋಪುರಗಳು. ಈಗ ನ್ಯಾಷನಲ್ ಪಾರ್ಕ್ ಸರ್ವೀಸ್ ನೋಡಿಕೊಳ್ಳುತ್ತದೆ. ತೋಟ ನೋಡಲು ಕಾಸು ಕೊಡಬೇಕಿಲ್ಲ. ನಾವು ಮನೆಯೊಳಗೆ ಹೋಗಲಿಲ್ಲ, ನಮ್ಮ ಕೆಲಸವೇನಿದ್ದರೂ ಹೊರಗೆ.

ಜಾನ್‌ಸ್ಟನ್ ದಕ್ಷಿಣದ ಕೆಲಸ ಶುರು ಮಾಡಿದ್ದು ಈ ಮನೆಯಿಂದ. ಮನೆ ಕಟ್ಟಿಸಿದ್ದು ವಿಲಿಯಮ್ ಫಿಟ್ಸ್‌ಹ್ಯೂ, 1768ರಿಂದ 1771ರವರೆಗೆ. 1920ರ ದಶಕದಲ್ಲಿ ಡೆವೋರ್ ದಂಪತಿ ಕೊಂಡುಕೊಂಡರು. ಎಲೆನ್ ಶಿಪ್‌ಮನ್ ಅನ್ನುವ ಹೆಸರಾಂತ ತೋಟ ವಿನ್ಯಾಸಕಿಯನ್ನು ಕರೆಸಿ ಗೋಡೆಯೊಳಗೆ ದೊಡ್ಡ ಹೂದೋಟ ಹಾಕಿಸಿದರು. ಈ ಶಿಪ್‌ಮನ್ ತನ್ನ ಆಫೀಸಿನಲ್ಲಿ ಹೆಂಗಸರನ್ನೇ ಕೆಲಸಕ್ಕೆ ಇಟ್ಟುಕೊಂಡು ತಯಾರು ಮಾಡುತ್ತಿದ್ದವಳು. ತೋಟ ತುಂಬಿ ನಿಂತ ಮೇಲೆ, 1927ರಲ್ಲಿ, ಡೆವೋರ್ ಅವರ ಹೆಂಡತಿ ಜಾನ್‌ಸ್ಟನ್‌ಗೆ ಫೋಟೊ ತೆಗೆಯಲು ಹೇಳಿದರು. ಅಲ್ಲಿಂದ ಅದು ಫ್ರೆಡೆರಿಕ್ಸ್‌ಬರ್ಗ್ ಊರಿಗೆ, ಪಕ್ಕದ ಫಾಲ್ಮತ್‌ಗೆ ಹಬ್ಬಿತು. 1933ರಿಂದ ಕಾರ್ನೆಗಿ ಸಂಸ್ಥೆ ಹಣ ಕೊಟ್ಟ ಮೇಲೆ ಒಂಬತ್ತು ರಾಜ್ಯಗಳಿಗೆ ಹರಡಿತು. ಆಗ ಅವಳಿಗೆ 69 ವರ್ಷ. "ನನಗಿಂತ ಮೂರು ವರ್ಷ ದೊಡ್ಡವಳು" ಎಂದಳು ಅಕ್ಕ, ಮೊಣಕಾಲು ಒತ್ತಿಕೊಳ್ಳುತ್ತಾ. ಆ ವಯಸ್ಸಿನಲ್ಲಿ ದೊಡ್ಡ ಮರದ ಕ್ಯಾಮೆರಾ ಕಾರಿನಲ್ಲಿ ಹಾಕಿಕೊಂಡು ಸುತ್ತಿ 7,100ಕ್ಕೂ ಹೆಚ್ಚು ಚಿತ್ರ ತೆಗೆದಿದ್ದಾಳೆ. ಬಂಗಲೆಗಳಷ್ಟೇ ಅಲ್ಲ, ಮುರಿದ ಗಿರಣಿ, ಗುಡಿಸಲು, ಬೀಳುವ ಹಾಗಿದ್ದ ಕೊಟ್ಟಿಗೆ, ಎಲ್ಲ ಇವೆ. ಅವುಗಳಲ್ಲಿ ಎಷ್ಟೋ ಈಗ ಚಿತ್ರದಲ್ಲಿ ಮಾತ್ರ ಉಳಿದಿವೆ.

ಚಾಟಮ್‌ನ ಸ್ಲೈಡುಗಳನ್ನು ಫೋನಿನಲ್ಲಿ ತೆರೆದುಕೊಂಡು ಗೋಡೆಯೊಳಗೆ ಹೋದೆವು. ಬಾಕ್ಸ್‌ವುಡ್ ಅನ್ನುವ ಪುಟ್ಟ ಎಲೆಯ ಪೊದೆಯ ಬೇಲಿಗಳ ಗೆರೆ ಹಾಗೇ ಇದೆ. ಕಂಬಗಳ ಚಪ್ಪರ ಇದೆ. ಹೂ ಕಡಿಮೆ. ಮಾರ್ಚ್ ಅಲ್ವಾ, ಡ್ಯಾಫೊಡಿಲ್ ಮಾತ್ರ ಅರಳಿತ್ತು. ಅದೂ ಅಲ್ಲದೆ, ಡೆವೋರ್ ಆದಮೇಲೆ ಬಂದ ಪ್ರಾಟ್ ದಂಪತಿ ಇಷ್ಟು ದೊಡ್ಡ ತೋಟ ನಿಭಾಯಿಸುವುದು ಕಷ್ಟ ಅಂತ ಪಾತಿಗಳನ್ನು ಕಮ್ಮಿ ಮಾಡಿಸಿದರು. 1975ರಲ್ಲಿ ಜಾಗ ಸರ್ಕಾರಕ್ಕೆ ಬಂತು. ಶಿಪ್‌ಮನ್ ತೋಟದ ಸ್ವಲ್ಪ ಭಾಗವನ್ನು ಮತ್ತೆ ಮೊದಲಿನ ಹಾಗೆ ಮಾಡಿದ್ದು 1980ರ ದಶಕದಲ್ಲಿ.

ನನಗೆ ಇಲ್ಲಿ ಹೊಳೆದಿದ್ದು ಬೇರೆ. ಅಂತರ್ಯುದ್ಧದಲ್ಲಿ, ಅಂದರೆ 1862ರ ಡಿಸೆಂಬರ್ ಕದನದಲ್ಲಿ, ಈ ಮನೆ ಉತ್ತರದ ಸೈನ್ಯದ ಕಚೇರಿ, ಆಮೇಲೆ ಆಸ್ಪತ್ರೆ. ಕ್ಲಾರಾ ಬಾರ್ಟನ್ ಗಾಯಾಳುಗಳ ಸೇವೆ ಮಾಡಿದ್ದು ಇಲ್ಲೇ. ಕವಿ ವಾಲ್ಟ್ ವಿಟ್ಮನ್ ತಮ್ಮನನ್ನು ಹುಡುಕಿಕೊಂಡು ಬಂದವನು ಮನೆ ಮುಂದಿನ ಮರದ ಬುಡದಲ್ಲಿ ಕತ್ತರಿಸಿ ಹಾಕಿದ ಕೈಕಾಲುಗಳ ರಾಶಿ ನೋಡಿ ಬರೆದಿಟ್ಟಿದ್ದಾನೆ. ಸೈನಿಕರು ಚಳಿಗೆ ಮನೆಯ ಮರದ ಹಲಗೆಗಳನ್ನೂ ಕಿತ್ತು ಸುಟ್ಟರು. ತೋಟ ಎಲ್ಲಿ ಉಳಿಯಬೇಕು? ಹಾಗಾದರೆ ಸ್ಲೈಡಿನಲ್ಲಿ "ಹಳೇ ದಕ್ಷಿಣ" ಅಂತ ಕಾಣುವುದು 1920ರ ದಶಕದ ಹೊಸ ತೋಟ. ಫೋಟೊ ತೆಗೆದಾಗ ಅದಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಬಾಕ್ಸ್‌ವುಡ್ ಬೇಲಿ, ಇಟ್ಟಿಗೆ ಗೋಡೆ, ಗುಲಾಬಿ ಚಪ್ಪರ: ಪರಂಪರೆಯ ದಕ್ಷಿಣದ ತೋಟ ಎಂದು ನಾವು ಕಣ್ಣಲ್ಲಿ ಇಟ್ಟುಕೊಂಡಿರುವುದರಲ್ಲಿ ಅರ್ಧಪಾಲು ಈ ಕಾಲದ್ದು. ಅದನ್ನು ಹಳೆಯದು ಎಂದು ನಂಬಿಸಿದ್ದರಲ್ಲಿ ಕ್ಯಾಮೆರಾದ ಕೈ ಜಾಸ್ತಿ.

ಇನ್ನೊಂದು ವಿಷಯ. 1805ರ ಜನವರಿಯಲ್ಲಿ ಚಾಟಮ್‌ನಲ್ಲಿ ಗುಲಾಮರು ಮೇಸ್ತ್ರಿಯ ವಿರುದ್ಧ ತಿರುಗಿಬಿದ್ದಿದ್ದರು. ಅಕ್ಕನಿಗೆ ಇದನ್ನು ಹೇಳಿದಾಗ "ಹಾಂ, ಕಳೆ ಕೀಳೋರು ಈಗ ಸಿಕ್ಕಿದ್ರು" ಎಂದಳು.

ಬುಧವಾರ: ವಿಲಿಯಮ್ಸ್‌ಬರ್ಗ್, ಮತ್ತೆ ಮನೆಗೆ

ಇಲ್ಲಿ ಸುಮ್ನೆ ಅರ್ಧ ದಿನ. ಇಡೀ ಊರನ್ನೇ 18ನೇ ಶತಮಾನದ ಹಾಗೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ರಾಕ್‌ಫೆಲರ್ ದುಡ್ಡಿನಲ್ಲಿ 1926ರಲ್ಲಿ ಶುರುವಾದ ಕೆಲಸ. ಗವರ್ನರ್ ಅರಮನೆ ಕಟ್ಟಲು ಅವರಿಗೆ ದಾರಿ ತೋರಿಸಿದ್ದು ಒಂದು ತಾಮ್ರದ ಅಚ್ಚಿನ ತಗಡು. 1740ರ ಸುಮಾರಿನದು, 1929ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸಿಕ್ಕಿತು. ಅದರಲ್ಲಿ ಕೆತ್ತಿದ್ದ ತೋಟದ ಪಾತಿಗಳನ್ನು ನೋಡಿಕೊಂಡು, ಊಹೆಯನ್ನೂ ಸೇರಿಸಿ ಆರ್ಥರ್ ಶರ್ಕ್ಲಿಫ್ ತೋಟ ಹಾಕಿದ. ಸುರುಳಿ ಬೇಲಿಯ ಚಕ್ರವ್ಯೂಹ ಮಾತ್ರ ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟಿನ ಮಾದರಿ. ಮಕ್ಕಳಿಗೆ ಚೆನ್ನಾಗಿದೆ. ನನಗೆ ತೀರಾ ಚೊಕ್ಕಟ ಅನ್ನಿಸಿತು. ಗಿಡಗಳಿಗೆ ಯೂನಿಫಾರಂ ಹಾಕಿಸಿದ್ದಾರೆ. ಎರಡು ಗಂಟೆಗೆ ಹೊರಟು ಸಂಜೆಗೆ ಮನೆ. ಅನ್ನ, ಸಾರು, ನಿದ್ದೆ.

ಗುರುವಾರ: ಸ್ಟ್ಯಾಗ್‌ವಿಲ್

ಇಡೀ ಪ್ರವಾಸದಲ್ಲಿ ಯಾವ ದಿನ ಚೆನ್ನಾಗಿತ್ತು ಅಂದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಒಂದೇ ಒಂದು ಹೂದೋಟ ಇರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಕ್ಕನಿಗೆ ಬೇರೆ ಫೋಟೊ ತೋರಿಸಿದೆ. 1939ರ ಜುಲೈನಲ್ಲಿ ಡೊರೊಥಿಯಾ ಲ್ಯಾಂಗ್ ನಾರ್ತ್ ಕೆರೊಲಿನಾಕ್ಕೆ ಬಂದಿದ್ದಳು. ಸರ್ಕಾರದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಶನ್ ಕೆಲಸ, ತಂಬಾಕು ಬೆಳೆಯುವ ಗೇಣಿದಾರರ ಬದುಕನ್ನು ದಾಖಲಿಸುವುದು. ಜೊತೆಗೆ ಚಾಪಲ್ ಹಿಲ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಮಾರ್ಗರೆಟ್ ಹ್ಯಾಗುಡ್. ಪರ್ಸನ್ ಕೌಂಟಿ (ಕೌಂಟಿ ಅಂದರೆ ಜಿಲ್ಲೆ), ಗ್ರ್ಯಾನ್ವಿಲ್ ಕೌಂಟಿ, ನಾವಿರುವ ವೇಕ್ ಕೌಂಟಿ, ಎಲ್ಲ ಕಡೆ ಓಡಾಡಿದ್ದಾರೆ. ಮರದ ದಿಮ್ಮಿಯ ಮನೆ, ಜಗಲಿ ಮೇಲೆ ಕೂತ ಜನ, ಮುಂದೆ ಬಟಾಬಯಲು ಅಂಗಳ. ಒಂದೆಳೆ ಹುಲ್ಲಿಲ್ಲ.

"ಗುಡಿಸಿದ್ದಾರೆ ನೋಡು" ಎಂದಳು ಅಕ್ಕ ತಕ್ಷಣ.

ನಾನು ಏನೂ ಹೇಳಿರಲಿಲ್ಲ. ಬೇರೆಯವರು ಆ ಚಿತ್ರ ನೋಡಿದರೆ ಬಡತನ ಅಂತಾರೆ, ಬರಡು ನೆಲ ಅಂತಾರೆ. ಅಡಿಕೆ ಒಣಗಿಸುವ ಅಂಗಳವನ್ನು ಐವತ್ತು ವರ್ಷ ಗುಡಿಸಿದವಳಿಗೆ ಬೇರೆಯೇ ಕಾಣುತ್ತದೆ. ಮಣ್ಣು ಗಟ್ಟಿಯಾಗಿ ಕೂತಿರುವುದು, ಮೂಲೆಯಲ್ಲಿ ಕಸ ಇಲ್ಲದಿರುವುದು, ಇದೆಲ್ಲ ದಿನಾ ಕೈ ಆಡಿದ್ದರ ಗುರುತು.

ಅವಳು ಹೇಳಿದ್ದು ಸರಿ. ದಕ್ಷಿಣದ ಕಪ್ಪು ಜನರ ಮನೆಗಳಲ್ಲಿ ಗುಡಿಸಿದ ಅಂಗಳ ದೊಡ್ಡ ಪದ್ಧತಿ. ಪಶ್ಚಿಮ ಆಫ್ರಿಕಾದಿಂದ ಬಂದ ಜನರ ಜೊತೆ ಬಂದದ್ದು. ಬಿಳಿಯರ ಎಷ್ಟೋ ಮನೆಗಳಲ್ಲೂ ಇತ್ತು. ಡಾಗ್‌ವುಡ್ ಅಥವಾ ಗಾಲ್‌ಬೆರಿ ಪೊದೆಯ ರೆಂಬೆಗಳನ್ನು ಕಟ್ಟಿ ಪೊರಕೆ ಮಾಡಿಕೊಳ್ಳುತ್ತಿದ್ದರು. ಹುಲ್ಲಿಲ್ಲದಿದ್ದರೆ ಹಾವು ಬಂದರೆ ಕಾಣುತ್ತದೆ. ಕಾಡಿಗೆ ಬೆಂಕಿ ಬಿದ್ದರೆ ಮನೆತನಕ ಬರುವುದಿಲ್ಲ. ಅಡುಗೆ, ಬಟ್ಟೆ ಒಗೆಯುವುದು, ಬಟಾಣಿ ಸುಲಿಯುವುದು, ಹರಟೆ, ಎಲ್ಲ ಆ ಅಂಗಳದಲ್ಲೇ. ಹೂ ಬೇಕಾದರೆ ಅಂಚಿನಲ್ಲಿ, ಹಳೇ ಡಬ್ಬದಲ್ಲಿ, ಒಡೆದ ಪಾತ್ರೆಯಲ್ಲಿ. ಇದೂ ದಕ್ಷಿಣದ ಪರಂಪರೆಯ ತೋಟವೇ. ಬಾಕ್ಸ್‌ವುಡ್ ಬೇಲಿಗಿಂತ ಹೆಚ್ಚು ಮನೆಗಳಲ್ಲಿ ಇದ್ದ ತೋಟ. ಆದರೆ ಇದನ್ನು ಬಣ್ಣ ಹಚ್ಚಿ ಲಾಟೀನಿನಲ್ಲಿ ತೋರಿಸುವವರು ಯಾರು? ಇಲ್ಲಿ ಕ್ಯಾಮೆರಾ ಬಂದಿದ್ದು ಬಡತನ ದಾಖಲಿಸಲು. ಅಂಗಳ ಚಿತ್ರದೊಳಗೆ ಬಂದಿದ್ದು ಆಕಸ್ಮಿಕ. ಹುಲ್ಲು ಕತ್ತರಿಸುವ ಮಷೀನು ಮನೆಮನೆಗೆ ಬಂದ ಮೇಲೆ ಆ ಅಂಗಳಗಳೂ ಹೋದವು. ಎಲ್ಲ ಕಡೆ ಲಾನ್.

ಸ್ಟ್ಯಾಗ್‌ವಿಲ್ ಇರುವುದು ಡರಮ್ ಊರಾಚೆ, ನಮ್ಮನೆಯಿಂದ ಮುಕ್ಕಾಲು ಗಂಟೆ. ಬೆನ್ನೆಹನ್-ಕ್ಯಾಮರನ್ ಮನೆತನದ ಜಮೀನು. 1860ರ ಹೊತ್ತಿಗೆ ಸುಮಾರು 30,000 ಎಕರೆ, ಸುಮಾರು 900 ಜನ ಗುಲಾಮರು. ಹಾರ್ಟನ್ ಗ್ರೋವ್ ಅನ್ನುವ ಕಡೆ ಅವರು ಇದ್ದ ಎರಡಂತಸ್ತಿನ ಮರದ ಮನೆಗಳು ಉಳಿದಿವೆ. 1850ರ ಆಸುಪಾಸಿನವು. ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಅವರೇ ಮಾಡಿದ ಇಟ್ಟಿಗೆಗಳ ಚಿಮಣಿ.

ತಿರುಗಾಡಿಸಿದ ಗೈಡ್ ಹುಡುಗಿ ಚಿಮಣಿಯ ಹತ್ತಿರ ನಿಂತು ಒಂದು ಇಟ್ಟಿಗೆ ತೋರಿಸಿದಳು. ಅದರಲ್ಲಿ ಬೆರಳ ಗುರುತುಗಳು. ಹಸಿ ಇಟ್ಟಿಗೆ ಎತ್ತಿಟ್ಟಾಗ ಬಿದ್ದ ಗುಳಿಗಳು, ಒಂದರ ಪಕ್ಕ ಒಂದು. ಸಣ್ಣ ಬೆರಳುಗಳು. ಮಕ್ಕಳದ್ದಿರಬಹುದು ಅಂತಾರೆ. ಮುಟ್ಟಬಾರದು ಅಂತ ಅವಳು ಹೇಳುವುದಕ್ಕೂ ಅಕ್ಕ ಕೈ ಚಾಚುವುದಕ್ಕೂ ಸರಿಹೋಯಿತು. ಅಕ್ಕ ಕೈ ಹಿಂದೆ ತಗೊಂಡಳು. ಆದರೆ ತನ್ನ ಬೆರಳುಗಳನ್ನು ಗಾಳಿಯಲ್ಲೇ ಆ ಅಳತೆಗೆ ಹಿಡಿದು ನೋಡಿದಳು. ಅವಳ ಕಿರುಬೆರಳು ಕೂಡ ಅದಕ್ಕಿಂತ ದಪ್ಪ.

ಮನೆಗಳ ಮುಂದೆ ಈಗ ಹುಲ್ಲು ಬೆಳೆದಿದೆ. ಚೊಕ್ಕ ಕತ್ತರಿಸಿದ ಹುಲ್ಲು. "ಇದನ್ನ ಗುಡಿಸಿ ಇಡಬೇಕಿತ್ತು" ಎಂದು ಅಕ್ಕ ಗೊಣಗಿದಳು. ನಾನು ಇಂಗ್ಲಿಷಿಗೆ ತಿರುಗಿಸಿದಾಗ ಗೈಡ್ ಹುಡುಗಿ ನಕ್ಕು, "ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದರು" ಎಂದಳು. ಆಮೇಲೆ ಇಬ್ಬರೂ ನನ್ನನ್ನು ಮಧ್ಯೆ ನಿಲ್ಲಿಸಿಕೊಂಡು ಪೊರಕೆ ಕಟ್ಟುವ ವಿಧಾನ ಮಾತಾಡಿದರು. ಕಡ್ಡಿಪೊರಕೆಗೆ ತೆಂಗಿನಗರಿ ಬೇಕು, ನಿಮ್ಮಲ್ಲಿ ಅದಿಲ್ಲವಲ್ಲ, ಪಾಪ ಅಂತ ಅಕ್ಕನ ಅನುಕಂಪ.

ಶುಕ್ರವಾರ: ವಿಲ್ಮಿಂಗ್ಟನ್

ಎರಡು ಗಂಟೆ ಕಾರು ಓಡಿಸಿದರೆ ಸಮುದ್ರದ ಕಡೆ ವಿಲ್ಮಿಂಗ್ಟನ್. ಅಲ್ಲಿನ ಏರ್ಲಿ ತೋಟ ಹಿಂದೆ ಪೆಂಬ್ರೋಕ್ ಜೋನ್ಸ್ ಎಂಬ ಸಿರಿವಂತನ ಕುಟುಂಬದ್ದು. 1999ರಿಂದ ಕೌಂಟಿಯದ್ದು. ಅಜೇಲಿಯ ಆಗ ತಾನೇ ಬಿರಿಯುತ್ತಿತ್ತು. ದೊಡ್ಡ ಓಕ್ ಮರಕ್ಕೆ ಜಡೆ ಬಿಟ್ಟ ಹಾಗೆ ಸ್ಪ್ಯಾನಿಶ್ ಮಾಸ್ ಇಳಿಬಿದ್ದಿತ್ತು. ಈ ಊರಿನ ಅಜೇಲಿಯ ಹಬ್ಬ 1948ರಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷ ಹ್ಯೂ ಮಾರ್ಟನ್, ಸ್ವತಃ ಫೋಟೊಗ್ರಾಫರ್. ಹಬ್ಬದ ರಾಣಿಯರು, ಘಾಗ್ರಾದಂಥ ಲಂಗ ತೊಟ್ಟ ಹುಡುಗಿಯರು, ಹಿಂದೆ ಹೂ. ಆ ತರದ ಚಿತ್ರಗಳಿಂದಲೇ ಊರಿಗೆ ಜನ ಬರಲು ಶುರು.

ನಾನು ಬಂದಿದ್ದು ಗೇಟಿಗಾಗಿ. ಅದೇ 1948ರಿಂದ 1974ರವರೆಗೆ ಇಲ್ಲಿ ಗೇಟಿನಲ್ಲಿ ಕೂತು ಟಿಕೆಟ್ ಕೊಡುತ್ತಿದ್ದವಳು ಮಿನ್ನಿ ಇವಾನ್ಸ್, ಕಪ್ಪು ಮಹಿಳೆ. ಬಿಡುವಿನಲ್ಲಿ ಬಣ್ಣದ ಕಡ್ಡಿಗಳಿಂದ ಚಿತ್ರ ಬಿಡಿಸುತ್ತಿದ್ದಳು. ಎಲೆ, ಎಸಳು, ಬಳ್ಳಿ, ಅದರ ನಡುವಿನಿಂದ ನಮ್ಮನ್ನೇ ನೋಡುವ ಕಣ್ಣುಗಳು. ಗೇಟಿಗೆ ತೂಗುಹಾಕಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದಳು. ನೀನಾ ಹೌವೆಲ್ ಸ್ಟಾರ್ ಎಂಬ ಫೋಟೊಗ್ರಾಫರ್ 1962ರಲ್ಲಿ ಅವಳನ್ನು ಹುಡುಕಿಕೊಂಡು ಬಂದು, ಅವಳ ಫೋಟೊ ತೆಗೆದು, ಚಿತ್ರಗಳನ್ನು ನ್ಯೂಯಾರ್ಕ್‌ಗೆ ಮುಟ್ಟಿಸಿದಳು. 1975ರಲ್ಲಿ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವೂ ಆಯಿತು. ತೋಟಕ್ಕೆ ಬಂದ ಸಾವಿರಾರು ಜನ ಅವಳನ್ನು ದಾಟಿ ಒಳಗೆ ಹೋಗಿ ಓಕ್ ಮರದ ಫೋಟೊ ತೆಗೆದಿರುತ್ತಾರೆ. ಈಗ ತೋಟದೊಳಗೆ ಅವಳ ನೆನಪಿಗೆ ಬಾಟಲಿಗಳಿಂದ ಕಟ್ಟಿದ ಪುಟ್ಟ ಗುಡಿಯೇ ಇದೆ. ಸಾವಿರಾರು ಬಣ್ಣದ ಸೀಸೆಗಳು. ಬಿಸಿಲು ಬಿದ್ದಾಗ ಒಳಗೆ ನಿಲ್ಲಬೇಕು. ಜನ ಸಾಲುಗಟ್ಟಿ ಫೋಟೊ ತೆಗೆಯುವುದು ಈಗ ಇದರದ್ದೇ.

ಅಕ್ಕನಿಗೆ ತೋಟದ ದಾರಿ ಬದಿಯಲ್ಲಿ ಎಲೆ ಉದುರಿಸಿ ನಿಂತ ಮರ ಒಂದು ಸಿಕ್ಕಿತು. ನುಣುಪಾದ, ಸಿಪ್ಪೆ ಸುಲಿದ ಕಾಂಡ. "ಇದು ನಮ್ಮ ನಂದಿ ಮರದ ಜಾತಿ" ಅಂದಳು. ಫಲಕ ನೋಡಿದರೆ ಕ್ರೇಪ್ ಮರ್ಟಲ್. ಹೌದು, ನಂದಿಯೂ ಹೊಳೆದಾಸವಾಳವೂ ಇದೇ ಲ್ಯಾಗರ್‌ಸ್ಟ್ರೋಮಿಯ ಕುಲ. ದಕ್ಷಿಣದ ತೋಟ ಅಂದರೆ ಇದಿಲ್ಲದೆ ಆಗದು ಅನ್ನುವ ಮರ, ಬಂದಿದ್ದು ಏಷ್ಯಾದಿಂದ. ಈ ತೋಟಗಳ ಅಜೇಲಿಯವೂ ಹೆಚ್ಚುಪಾಲು ಅಷ್ಟೆ, ಕಮೇಲಿಯವೂ ಅಷ್ಟೆ.

ಶನಿವಾರ: ಮಿಡ್ಲ್‌ಟನ್ ಪ್ಲೇಸ್

ವಿಲ್ಮಿಂಗ್ಟನ್‌ನಿಂದ ಹೈವೇ 17 ಹಿಡಿದು ಕರಾವಳಿಯುದ್ದಕ್ಕೂ ಇಳಿದೆವು. ಚಾರ್ಲ್ಸ್‌ಟನ್ ಹತ್ತಿರ ಬಂದಂತೆ ರಸ್ತೆ ಬದಿಯಲ್ಲಿ ಮರದ ಚಪ್ಪರಗಳಲ್ಲಿ ಸ್ವೀಟ್‌ಗ್ರಾಸ್ ಬುಟ್ಟಿ ಹೆಣೆಯುವವರು. ಭತ್ತ ಕೇರುವ ಮೊರವನ್ನೂ ಹೆಣೆಯುತ್ತಾರೆ. ಈ ಸೀಮೆ ಶ್ರೀಮಂತವಾಗಿದ್ದು ಭತ್ತದಿಂದ. ಅದನ್ನು ಬೆಳೆಯುವ ಕಸುಬು ಗೊತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಜನ.

ಮಿಡ್ಲ್‌ಟನ್ ಪ್ಲೇಸ್ ಆ ಭತ್ತದ ದುಡ್ಡಿನ ತೋಟ. ಹೆನ್ರಿ ಮಿಡ್ಲ್‌ಟನ್ 1741ರಲ್ಲಿ ಶುರು ಮಾಡಿದ. ಇವನ ಮಗ ಆರ್ಥರ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ಆಶ್ಲಿ ನದಿಯ ಕಡೆ ಹುಲ್ಲಿನ ಮೆಟ್ಟಿಲುಗಳು ಇಳಿಯುತ್ತವೆ, ಕೊನೆಯಲ್ಲಿ ಚಿಟ್ಟೆಯ ಎರಡು ರೆಕ್ಕೆಗಳ ಹಾಗೆ ಎರಡು ಕೆರೆ. ನೂರು ಜನ ಗುಲಾಮರು ಹತ್ತು ವರ್ಷ ಮಣ್ಣು ಹೊತ್ತು ಮಾಡಿದ್ದು ಅನ್ನುವುದು ಅಲ್ಲಿನ ವಾಡಿಕೆ ಮಾತು. 1786ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಂದ್ರೆ ಮಿಶೋ ಇಲ್ಲಿಗೆ ಕಮೇಲಿಯ ತಂದ ಅನ್ನುತ್ತಾರೆ. ನಾವು ಹೋದಾಗ ಕಮೇಲಿಯದ ಕಾಲ ಮುಗಿಯುತ್ತಿತ್ತು. ಹೂಗಳು ಇಡಿಯಾಗಿ ಕಳಚಿ ದಾರಿ ತುಂಬ ಬಿದ್ದಿದ್ದವು. ಚಹಾ ಗಿಡದ ದಾಯಾದಿ ಇದು. ಅಕ್ಕ ಎಲೆ ಮುಟ್ಟಿ ನೋಡಿಯೇ ಕಂಡುಹಿಡಿದಳು.

1865ರಲ್ಲಿ ಉತ್ತರದ ಸೈನಿಕರು ಮನೆಗೆ ಬೆಂಕಿ ಇಟ್ಟರು. ಉಳಿದ ಗೋಡೆಗಳನ್ನು 1886ರ ಭೂಕಂಪ ಬೀಳಿಸಿತು. ಈಗಿರುವುದು ಪಕ್ಕದ ಒಂದು ಕಟ್ಟಡ ಮಾತ್ರ. ಅಮೃತಶಿಲೆಯ ವನದೇವತೆ ಉಳಿದಿದ್ದು ಯುದ್ಧದಲ್ಲಿ ಮಣ್ಣಿನಲ್ಲಿ ಹೂತಿಟ್ಟಿದ್ದಕ್ಕೆ. ತೋಟ ದಶಕಗಳ ಕಾಲ ಪಾಳು. 1920ರ ದಶಕದಲ್ಲಿ ಮನೆತನದ ಜೆ. ಜೆ. ಪ್ರಿಂಗಲ್ ಸ್ಮಿತ್, ಹೆಂಡತಿ ಹೆನಿಂಗಮ್ ಇಬ್ಬರೂ ಬಂದು ಕಾಡು ಕಡಿಸಿ ಮತ್ತೆ ತೆರೆದರು. ನೀರಿನ ಪಕ್ಕದ ದಿಬ್ಬದ ಮೇಲೆ ಬೆಂಕಿಯಂತೆ ಅರಳುವ ಅಜೇಲಿಯಗಳನ್ನು ನೆಟ್ಟಿದ್ದು 1930ರ ದಶಕದಲ್ಲಿ. ಪೋಸ್ಟ್‌ಕಾರ್ಡಿನಲ್ಲಿ ಎಲ್ಲರೂ ನೋಡುವುದು ಆ ದಿಬ್ಬವನ್ನೇ. ಚಾಟಮ್‌ನ ಕತೆಯೇ ಇಲ್ಲೂ. ಮಣ್ಣಿನ ಮೆಟ್ಟಿಲು ಹಳೇದು, ಬಣ್ಣ ಹೊಸದು.

ಈ ಸೀಮೆಯ ಫೋಟೊಗಳಲ್ಲಿ ನನಗೆ ಜಾನ್‌ಸ್ಟನ್‌ಗಿಂತ ಬೇಯಾರ್ಡ್ ವೂಟನ್ ಇಷ್ಟ. ಇವಳೂ ಹೆಂಗಸೇ. 1875ರಲ್ಲಿ ನಾರ್ತ್ ಕೆರೊಲಿನಾದ ನ್ಯೂ ಬರ್ನ್‌ನಲ್ಲಿ ಹುಟ್ಟಿ, ಚಾಪಲ್ ಹಿಲ್‌ನಲ್ಲಿ ಸ್ಟುಡಿಯೊ ಇಟ್ಟಿದ್ದವಳು. ಚಾರ್ಲ್ಸ್‌ಟನ್‌ನ ಅವಳ ಚಿತ್ರಗಳು 1937ರಲ್ಲಿ ಪುಸ್ತಕವಾಗಿ ಬಂದವು. ಜಾನ್‌ಸ್ಟನ್ ಚಿತ್ರದಲ್ಲಿ ಇಟ್ಟಿಗೆ ಎಣಿಸಬಹುದು. ವೂಟನ್ ಚಿತ್ರದಲ್ಲಿ ಅಂಚುಗಳು ಮೆತ್ತಗೆ, ಬೆಳಕು ಇಬ್ಬನಿಯ ಹಾಗೆ. ಮುಖ್ಯ ಅಂದರೆ ಜನ ಇದ್ದಾರೆ. ತಲೆ ಮೇಲೆ ಹೂಬುಟ್ಟಿ ಹೊತ್ತ ಹೆಂಗಸರು ಇದ್ದಾರೆ. ಸ್ವಲ್ಪ ಅಂದ ಜಾಸ್ತಿ ಮಾಡಿದ್ದಾಳೆ, ಕಷ್ಟವೂ ಚೆಂದ ಕಾಣುವ ಹಾಗೆ. ಅದು ಬೇರೆ ತಕರಾರು. ಅವಳ ನೆಗೆಟಿವ್‌ಗಳು ಚಾಪಲ್ ಹಿಲ್‌ನ ವಿಲ್ಸನ್ ಲೈಬ್ರರಿಯಲ್ಲಿವೆ, ನಮ್ಮನೆಗೆ ಅರ್ಧ ಗಂಟೆ.

ತೋಟದ ಇನ್ನೊಂದು ಬದಿಯಲ್ಲಿ ಎಲೈಜಾಳ ಮನೆ ಎಂಬ ಸಣ್ಣ ಮರದ ಮನೆ. ಬಿಡುಗಡೆಯಾದ ಗುಲಾಮರು ಇದ್ದದ್ದು. ಕೊನೆಯದಾಗಿ ಇದ್ದಾಕೆಯ ಹೆಸರನ್ನೇ ಇಟ್ಟಿದ್ದಾರೆ. ಒಳಗೆ ಮಿಡ್ಲ್‌ಟನ್ ಮನೆತನ ಗುಲಾಮರನ್ನಾಗಿ ಇಟ್ಟುಕೊಂಡಿದ್ದವರ ಹೆಸರುಗಳ ಫಲಕ. ಎರಡು ಸಾವಿರಕ್ಕೂ ಹೆಚ್ಚು ಹೆಸರು. ಅಕ್ಕ ಕನ್ನಡಕ ಹಾಕಿಕೊಂಡು, ಹಾಜರಿ ಪುಸ್ತಕ ಓದುವವಳ ಹಾಗೆ, ಮೊದಲ ಸಾಲಿನಿಂದ ಶುರು ಮಾಡಿದಳು. ನಾನು ಹೊರಗೆ ಬಂದು ಕೂತೆ. ಅವಳು ಬರಲು ತುಂಬಾ ಹೊತ್ತಾಯಿತು.

ಭಾನುವಾರ: ಮ್ಯಾಗ್ನೋಲಿಯ, ವಾಪಸ್

ಬೆಳಿಗ್ಗೆ ಚಾರ್ಲ್ಸ್‌ಟನ್ ಊರೊಳಗೆ ಒಂದು ಸುತ್ತು. ಕಬ್ಬಿಣದ ಗೇಟಿನ ಕಂಬಿಗಳ ನಡುವಿನಿಂದ ಮನೆಗಳ ಪುಟ್ಟ ತೋಟ ಇಣುಕಿ ನೋಡುವುದು ಇಲ್ಲಿ ಪ್ರವಾಸಿಗರ ಕಸುಬು. ಇವುಗಳಲ್ಲಿ ಎಷ್ಟೋ ಲೌಟ್ರೆಲ್ ಬ್ರಿಗ್ಸ್ ಎಂಬಾತ 1920ರ ದಶಕದ ಕೊನೆಯಿಂದ ಮಾಡಿದ ವಿನ್ಯಾಸಗಳು. ಆತ ಬಂದಿದ್ದು ನ್ಯೂಯಾರ್ಕ್‌ನಿಂದ!

ಆಮೇಲೆ ಮ್ಯಾಗ್ನೋಲಿಯ ತೋಟ. ಮಿಡ್ಲ್‌ಟನ್ ಅಳತೆಪಟ್ಟಿ ಹಿಡಿದು ಮಾಡಿದ್ದು, ಇದು ಕಾಡಿನ ಹಾಗೆ ಬಿಟ್ಟದ್ದು. 1840ರ ದಶಕದಲ್ಲಿ ಜಾನ್ ಗ್ರಿಮ್ಕೆ ಡ್ರೇಟನ್ ಎಂಬ ಪಾದ್ರಿ, ಕ್ಷಯ ಬಂದು ಮಣ್ಣಲ್ಲಿ ಕೆಲಸ ಮಾಡು ಎಂದು ಡಾಕ್ಟರ್ ಹೇಳಿದ್ದಕ್ಕೆ, ಅಜೇಲಿಯ ನೆಟ್ಟ. ಗುಲಾಮಗಿರಿ ವಿರುದ್ಧ ಊರೂರು ಮಾತಾಡಿದ ಗ್ರಿಮ್ಕೆ ಅಕ್ಕತಂಗಿಯರಿಗೆ ಈತ ಸೋದರನ ಮಗ. ಆದರೂ ತೋಟದ ಕೆಲಸಕ್ಕೆ ಗುಲಾಮರೇ. ಯುದ್ಧದ ನಂತರ ಕಾಸಿಲ್ಲದೆ ತೋಟವನ್ನು ಜನರಿಗೆ ತೆರೆದ. ಸ್ಟೀಮರ್‌ನಲ್ಲಿ ಟಿಕೆಟ್ ತಗೊಂಡು ಬರುತ್ತಿದ್ದರು. ಗುಲಾಮನಾಗಿದ್ದು ಆಮೇಲೆ ತೋಟದ ಮುಖ್ಯಸ್ಥನಾದ ಆಡಮ್ ಬೆನೆಟ್ ಹೆಸರನ್ನು ಇಲ್ಲಿ ಗುಡಿಸಲುಗಳ ಹತ್ತಿರ ಹೇಳುತ್ತಾರೆ. "ಅಂತೂ ಹೆಸರಿರೋ ಮಾಲಿ ಒಬ್ಬ ಸಿಕ್ಕಿದ" ಎಂದಳು ಅಕ್ಕ.

ಉದ್ದನೆಯ ಬಿಳಿ ಸೇತುವೆ ಹತ್ತಿರ ಸಂತೆ. ಪ್ರತಿಯೊಬ್ಬರೂ ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಲ್ಲಿ, ಮುಂದಿನವರು ಹೋಗಲಿ ಎಂದು ಕಾಯುತ್ತಿದ್ದರು. ಸೇತುವೆ ಖಾಲಿ ಆದಾಗ ಕ್ಲಿಕ್. ಜನರಿಲ್ಲದ ತೋಟ ಬೇಕು ಅನ್ನುವ ಆಸೆ ಇನ್ನೂ ಹೋಗಿಲ್ಲ ನೋಡಿ. ಅಕ್ಕ ಸೇತುವೆ ಮಧ್ಯದಲ್ಲಿ ನಿಂತು ಹೂ ನೋಡುತ್ತಿದ್ದಳು. ಈ ಕಡೆ ದಡದಲ್ಲಿ ಹತ್ತು ಹದಿನೈದು ಕ್ಯಾಮೆರಾಗಳು ಅವಳು ಕದಲಲಿ ಎಂದು ಕಾದಿದ್ದವು. ನಾನು ಕರೆಯಲಿಲ್ಲ.

ಹಿಮಚಂಪಕದ ಮರದ ಕೆಳಗೆ ಬಂದಾಗ ಅವಳಿಗೆ ಇನ್ನೊಂದು ಯೋಚನೆ ಬಂತು. ಹಿಂದಿನ ದಿನದಿಂದಲೂ ಕಮೇಲಿಯ ಮೇಲೆ ಕಣ್ಣು. ಅಂಗಡಿಯಲ್ಲಿ ಕುಂಡದಲ್ಲಿಟ್ಟು ಮಾರುತ್ತಿದ್ದರು. "ಒಂದು ತಗೋಳೇ, ಆಗುಂಬೆ ಮಳೆಗೆ ಇದು ಚೆನ್ನಾಗಿ ಬರುತ್ತೆ." ವಿಮಾನದಲ್ಲಿ ಗಿಡ ಒಯ್ಯಲು ಪರ್ಮಿಟ್ ಬೇಕು, ಮಣ್ಣು ಬಿಡಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ ಅಂತ ವಿವರಿಸಿದೆ. "ಆ ಫ್ರೆಂಚಿನವನು ಯಾವ ಪರ್ಮಿಟ್ ತಗೊಂಡು ಬಂದಿದ್ದ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಿಡ ಈಗ ಕ್ಯಾರಿಯಲ್ಲಿ ನಮ್ಮನೆ ಮುಂದಿದೆ. ಅದರ ಸುತ್ತ ಎರಡಡಿ ಹುಲ್ಲು ಕೆರೆದು ತೆಗೆಸಿದ್ದಾಳೆ. ಮನೆಗಳ ಅಸೋಸಿಯೇಶನ್‌ನಿಂದ ಲಾನ್ ಹಾಳಾಗಿದೆ ಅಂತ ಪತ್ರ ಬಂದಿದೆ.